ವಿಂಗಮ್ಮನ ಮಾಮೂಲಿ

ಮಾರ್ಚ್ ೩, ಸೋಮವಾರ

ಬಂದಳು! ಆಸ್ಪತ್ರೆಯೆಂಬ ಆ ಬಿಳಿಯ ಸೆರೆಮನೆಯಿಂದ ನನ್ನ ಅರಸಿ ಇಂದು ಅರಮನೆಗೆ ಮರಳಿ ಬಂದಳು! ಅರಮನೆಯೆಂದರೆ ಎರಡನೆಯ ಮಹಡಿಯ ಎರಡು ಕೋಣೆ, ಕಾಲು ಚಾಚಿದರೆ ಗೋಡೆಗೆ ತಾಗುವ ಅಡುಗೆಮನೆ, ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ನಲ್ಲಿ. ಇರಲಿ. ಮೆಟ್ಟಿಲು ಹತ್ತಿಸುವಾಗ ಒಂದು ಕಡೆ ನಾನು, ಇನ್ನೊಂದು ಕಡೆ ಮಗಳು, ಹಿಂದೆ ಕುರ್ಚಿ ಹೊತ್ತ ಕೆಳಮನೆಯ ಟೇಲರು. ಪರದೆ ಮೇಲೇಳುವ ಹೊತ್ತಿನಂತೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಮಿದುಳಿಗೆ ರಕ್ತ ಹೋಗುವ ದಾರಿಯಲ್ಲಿ ಎಲ್ಲೋ ಒಂದು ತಡೆಯಂತೆ. ಬಲಗೈ ಸೋತಿದೆ. ಬಲಗಾಲು ಎಳೆಯುತ್ತದೆ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ತಾನು ಹೇಳಹೋದರೆ ಪದ ಸಿಗುವುದಿಲ್ಲ.

ಪದ ಸಿಗುವುದಿಲ್ಲ! ಯಾರಿಗೆ? ಆಯುಷ್ಯವೆಲ್ಲ ನಾಟಕ ಕಂಪನಿಯ ಸೈಡ್ ವಿಂಗಿನ ಕತ್ತಲಲ್ಲಿ ನಿಂತು, ರಾಜನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಮರೆತವರೆಲ್ಲರ ಬಾಯಿಗೆ ಪದವಿಟ್ಟ ಪ್ರಾಂಪ್ಟರಿಗೆ! ಕಂಪನಿಯವರು ಅವಳ ಹೆಸರನ್ನೇ ಬಿಟ್ಟು ವಿಂಗಮ್ಮ ಎಂದು ಕರೆದರು. ನನ್ನನ್ನು ಗುಡುಗಪ್ಪ ಎಂದರು. ಗುಡುಗಿಗೂ ಮುಂದಿನ ಸಾಲು ಪಿಸುಗುಟ್ಟುವವರು ಬೇಕೆಂಬುದು ಪ್ರೇಕ್ಷಕರಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರಿಗೆ ಗೊತ್ತಿತ್ತು.

ಪೂರ್ತಿ ಹೋಗಿಲ್ಲ, ಒಂದು ಪದ ಉಳಿದಿದೆ. ಸಂಜೆ ನಾನು ಹಾಸಿಗೆಯ ಪಕ್ಕ ಮೊಣಕಾಲೂರಿ, ಎರಡೂ ಕೈ ಚಾಚಿ, “ಮಾತಾಡು! ನನ್ನ ಪ್ರಾಣವೇ, ಒಂದು ಮಾತು!” ಎಂದೆ. ಗೋಡೆಗಳು ಮರುದನಿಗೊಟ್ಟವು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುಟಿ ಒದ್ದೆ ಮಾಡಿಕೊಂಡು ಹೇಳಿದಳು:

“ಮಾಮೂಲಿ.”

ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ಮೆಲ್ಲಗೆ ಮಾತಾಡಿ. ಅಮ್ಮನಿಗೆ ಹೋಗಿರೋದು ಮಾತು, ಕಿವಿ ಅಲ್ಲ” ಎಂದಳು.

ಈ ದಿನಚರಿಯನ್ನು ಯಾರೂ ಓದುವುದಿಲ್ಲ. ಪ್ರೇಕ್ಷಕರಿಲ್ಲದೆ ನಾನು ಬಾಯಿ ತೆರೆಯುತ್ತಿರುವುದು ಇದೇ ಮೊದಲು.

ಮಾರ್ಚ್ ೪, ಮಂಗಳವಾರ

ಮಗಳು ತನ್ನೂರಿಗೆ ಹೋದಳು. ನಾನು ಅರ್ಥಕೋಶ ತೆಗೆದೆ. “ಮಾಮೂಲಿ: ಗುಣವಾಚಕ. ಸಾಧಾರಣವಾದ, ವಾಡಿಕೆಯ, ವಿಶೇಷವೇನೂ ಇಲ್ಲದ.”

ವಿಶೇಷವೇನೂ ಇಲ್ಲದ! ಕೇಳಿ ಸಭಿಕರೇ! ಖಡ್ಗ, ಪ್ರಳಯ, ವಜ್ರಕಾಯ, ಹೃದಯಸಿಂಹಾಸನ... ಎಂತೆಂಥ ಪದಗಳು ಆ ಬಾಯಲ್ಲಿ ಪಿಸುಮಾತಾಗಿ ಹರಿದಿದ್ದವು! ಅವೆಲ್ಲ ಕೊಚ್ಚಿಹೋಗಿ ಈ ಸವಕಲು ಪದವೊಂದು ದಡದಲ್ಲಿ ಕೂತಿದೆ. ಇದನ್ನು ಯಾವುದಕ್ಕೆ ಹಚ್ಚುತ್ತಾರೆ? ಮಾಮೂಲಿ ಚಪ್ಪಲಿ, ಮಾಮೂಲಿ ಕೆಮ್ಮು, ಮಾಮೂಲಿ ಬಸ್ಸು. ಯಾವ ಕವಿಯಾದರೂ ಮಾಮೂಲಿ ಕಿರೀಟ ಎಂದದ್ದುಂಟೆ? ನನ್ನ ಕಿರೀಟ ರಟ್ಟಿನದು, ಮೇಲೆ ಬಣ್ಣದ ಕಾಗದ. ಆದರೂ ಅದನ್ನು ಮಾಮೂಲಿ ಎನ್ನುವ ಧೈರ್ಯ ಯಾರಿಗೂ ಬಂದಿಲ್ಲ.

ಬಂದಿತ್ತು, ಅವಳಿಗೆ ಮಾತ್ರ. ನಾಟಕ ಮುಗಿದು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಹೋದಮೇಲೆ, ನಾನು ಮುಖದ ಬಣ್ಣ ಒರೆಸುತ್ತ “ಹೇಗಿತ್ತು?” ಎಂದರೆ ವೇಷಗಳನ್ನು ಮಡಿಸುತ್ತ ಅವಳು ಹೇಳುತ್ತಿದ್ದುದು ಇದನ್ನೇ. ನಾನು ಉರಿದುಬೀಳುತ್ತಿದ್ದೆ. ಅವಳು ಮಡಿಸುತ್ತಲೇ ಇರುತ್ತಿದ್ದಳು.

ಮಾರ್ಚ್ ೭, ಶುಕ್ರವಾರ

ಮಾತು ಕಲಿಸುವ ಟೀಚರಮ್ಮ ಬಂದಿದ್ದಳು. ನಮ್ಮ ಮಗಳಿಗಿಂತ ಚಿಕ್ಕವಳು. ದನಿ ಎಷ್ಟು ಸಣ್ಣದೆಂದರೆ ಮೊದಲ ಸಾಲಿನವರಿಗೂ ಕೇಳಿಸದು. ಚೀಲದಿಂದ ಚಮಚ, ಬಾಚಣಿಗೆ, ಲೋಟ ತೆಗೆದು ಮೇಜಿನ ಮೇಲಿಟ್ಟಳು.

“ಸರ್, ಇವರ ಹತ್ರ ದಿನಾ ಮಾತಾಡಿ. ಆದ್ರೆ ಮಾಮೂಲಿ ಮಾತು.”

“ಅಂದರೆ?”

“ಅನ್ನ ಆಯ್ತು, ಹಾಲು ಉಕ್ತು, ಟವೆಲ್ ಎಲ್ಲಿದೆ... ಇಂಥವು.”

“ತಾಯಿ, ನನ್ನದು ಸಾಮ್ರಾಜ್ಯಗಳನ್ನು ಗೆದ್ದ ಬಾಯಿ! ಇದರಿಂದ ಹಾಲು ಉಕ್ಕಿತು ಎನ್ನಿಸುತ್ತೀಯಾ?”

“ಈಗ ಹೇಳಿದ್ರಲ್ಲ ಸರ್, ಹಾಗೆ ಮಾತ್ರ ಹೇಳ್ಬೇಡಿ” ಎಂದಳು. “ಇನ್ನೊಂದು ವಿಷ್ಯ. ಇವರು ತಡವರಿಸಿದಾಗ ನೀವು ಪದ ಕೊಡ್ಬೇಡಿ. ಕಾಯ್ರಿ.”

ಕಾಯುವುದೇ! ರಂಗದ ಮೇಲೆ ಮೌನ ಬಿತ್ತೆಂದರೆ ಪ್ರಾಂಪ್ಟರು ಸತ್ತಂತೆ. ಇದನ್ನು ಆ ಹುಡುಗಿಗೆ ಹೇಳಿದೆ. ವಿಂಗಮ್ಮ ಹಾಸಿಗೆಯಿಂದ “ಮಾಮೂಲಿ, ಮಾಮೂಲಿ” ಎಂದು ತಲೆಯಾಡಿಸಿದಳು. ನನ್ನ ಪರವೋ ಟೀಚರಮ್ಮನ ಪರವೋ ತಿಳಿಯಲಿಲ್ಲ.

ಮಾರ್ಚ್ ೧೨, ಬುಧವಾರ

ಜಯ! ಜಯ! ದಿಕ್ಕುಗಳೇ, ನಗಾರಿ ಬಾರಿಸಿ!

ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತ, ಅಭ್ಯಾಸಬಲದಿಂದ, ಮೂರನೆಯ ಅಂಕದ ಬೀಳ್ಕೊಡುಗೆಯ ದೃಶ್ಯ ಶುರುಮಾಡಿದೆ. “ದೇವಿ, ರಣಭೇರಿ ಕರೆಯುತ್ತಿದೆ, ಹೊರಟೆ!” ಎಂದು ಕನ್ನಡಿಗೆ ಹೇಳಿದ್ದೇ ತಡ, ಹಿಂದಿನಿಂದ, ಹಾಸಿಗೆಯಿಂದ, ಅವಳ ದನಿ:

“ನಿಲ್ಲಿ ಪ್ರಭು! ಈ ಹೊಸ್ತಿಲು ದಾಟುವ ಮುನ್ನ ನನ್ನದೊಂದು ಮಾತು ಕೇಳಿ!”

ಒಂದು ಅಕ್ಷರ ತೊದಲಲಿಲ್ಲ! ಅರ್ಧ ಕೆರೆದ ಗಡ್ಡದಲ್ಲೇ ತಿರುಗಿ ನನ್ನ ಉತ್ತರ ಹೇಳಿದೆ: “ಕೇಳಿದೆನು ದೇವಿ! ನಿನ್ನ ಕಣ್ಣೀರು ಈ ಖಡ್ಗಕ್ಕೆ ಸಾಣೆ!” ಅವಳು ಮುಂದಿನದನ್ನೂ ಹೇಳಿದಳು. ಇಡೀ ದೃಶ್ಯ! ಕೊನೆಗೆ ಇಬ್ಬರೂ ಅತ್ತೆವು. ನಾನು ಜೋರಾಗಿ, ಅವಳು ಸುಮ್ಮನೆ.

ಮಗಳಿಗೆ ಫೋನ್ ಮಾಡಿ ಕೇಳಿಸಿದೆ. ಕಂಪನಿಯ ಮ್ಯಾನೇಜರಿಗೆ ಕೇಳಿಸಿದೆ. ಟೇಲರನ್ನು ಮೇಲೆ ಕರೆದು ಕೇಳಿಸಿದೆ. ಕಳೆದುಹೋದ ಮಾತನ್ನು ನಾಟಕವೇ ಮರಳಿ ತಂದಿತು!

ಮಾರ್ಚ್ ೧೪, ಶುಕ್ರವಾರ

ಟೀಚರಮ್ಮ ಇಡೀ ದೃಶ್ಯ ಕೇಳಿದಳು. ನಾನು ತಲೆಬಾಗಿ ನಿಂತೆ. ಚಪ್ಪಾಳೆ ಬರಲಿಲ್ಲ. ಅವಳು ಲೋಟ ಎತ್ತಿ, “ಅಮ್ಮಾ, ಇದೇನು?” ಎಂದಳು.

ನನ್ನವಳು ಲೋಟ ನೋಡಿದಳು. ಬೆವರಿದಳು. “ಮಾಮೂಲಿ” ಎಂದಳು.

“ಸರ್, ಬಾಯಿಪಾಠ ಆಗಿದ್ದು ಮಿದುಳಲ್ಲಿ ಬೇರೆ ಕಡೆ ಇರುತ್ತೆ. ಎಷ್ಟೋ ಜನಕ್ಕೆ ಹಾಡು ಉಳಿದಿರುತ್ತೆ, ನೀರು ಕೇಳೋಕೆ ಬರಲ್ಲ. ಖುಷಿಪಡಿ. ಆದ್ರೆ ಇದನ್ನ ಮಾತು ಅಂದ್ಕೋಬೇಡಿ.”

ಹೊಟ್ಟೆಕಿಚ್ಚು. ತಾನು ಚಮಚ ತೋರಿಸಿ ಆಗದ್ದನ್ನು ನಾನು ಖಡ್ಗದಿಂದ ಸಾಧಿಸಿದೆನಲ್ಲ! ನಾಳೆಯಿಂದ ನಾಲ್ಕನೆಯ ಅಂಕ.

ಮಾರ್ಚ್ ೨೦, ಗುರುವಾರ

ಬರೆಯಬೇಕು.

ಅವಳ ಬಲಗಾಲು ತಣ್ಣಗಿರುತ್ತದೆಂದು ಬಿಸಿನೀರಿನ ಚೀಲ ಇಡುತ್ತೇವೆ. ಮಧ್ಯಾಹ್ನ ತುಂಬಿಸಿದವನು ನಾನು. ನೀರು ಕುದಿದದ್ದು ಹೆಚ್ಚಾಗಿತ್ತು, ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಇಟ್ಟು ಅಡುಗೆಮನೆಗೆ ಹೋದೆ.

ಅವಳು ಕೂಗಿದಳು. “ಮಾಮೂಲಿ! ಮಾಮೂಲಿ!” ನಾನು “ಬಂದೆ ಬಂದೆ” ಎಂದೆ, ಬರಲಿಲ್ಲ, ಪಾತ್ರೆ ತೊಳೆಯುತ್ತಿದ್ದೆ. ಆಮೇಲೆ ಅವಳು, “ನಿಲ್ಲಿ ಪ್ರಭು! ಈ ಹೊಸ್ತಿಲು ದಾಟುವ ಮುನ್ನ ನನ್ನದೊಂದು ಮಾತು ಕೇಳಿ!” ಎಂದಳು.

ಆಗ ಬಂದೆ. ಬಾಗಿಲ ಚೌಕಟ್ಟಿನಲ್ಲಿ ನಿಂತು ನನ್ನ ಉತ್ತರ ಕೊಟ್ಟೆ. ಪೂರ್ತಿ ಕೊಟ್ಟೆ. ಅವಳು ಮತ್ತೆ ಮೊದಲ ಸಾಲನ್ನೇ ಹೇಳಿದಳು. ಎರಡನೆಯ ಸಲ ಕೇಳುತ್ತಿದ್ದಾಳೆ, ಒನ್ಸ್ ಮೋರ್ ಎನ್ನುತ್ತಿದ್ದಾಳೆ ಅಂದುಕೊಂಡು ಇನ್ನೂ ಜೋರಾಗಿ ಹೇಳಿದೆ. ಕೆಳಗಿನಿಂದ ಟೇಲರು ಚಪ್ಪಾಳೆ ತಟ್ಟಿದರು. ನಾನು ಅವರಿಗೆ ಕಿಟಕಿಯಿಂದ ಕೈ ಎತ್ತಿದೆ.

ತಿರುಗಿದಾಗ ಹಾಸಿಗೆಯಿಂದ ನೀರು ನೆಲಕ್ಕೆ ಇಳಿಯುತ್ತಿತ್ತು. ಅದರಿಂದ ಹಬೆ ಏಳುತ್ತಿತ್ತು.

ಅವಳ ಹತ್ತಿರ ಬೇರೆ ವಾಕ್ಯ ಇರಲಿಲ್ಲ. ನಾನು ತಿರುಗಿ ನೋಡುವ ಒಂದೇ ವಾಕ್ಯ ಅದು.

ಮಾರ್ಚ್ ೨೨, ಶನಿವಾರ

ಮಗಳು ಬಂದಿದ್ದಾಳೆ. ಅಮ್ಮನ ಪಾದದ ಬ್ಯಾಂಡೇಜು ನೋಡಿದಳು. ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿದಳು.

“ಅಪ್ಪಾ, ಈ ಮನೇಲಿ ಸಕ್ಕರೆ ಡಬ್ಬ ಎಲ್ಲಿದೆ?”

ಹುಡುಕಿದೆ. ಸಿಗಲಿಲ್ಲ.

“ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ.”

“ಕಟುಕಳೇ! ನನ್ನ ಎದೆಯಿಂದ...”

“ನೋಡಿ, ಶುರುಮಾಡಿದ್ರಿ.” ಅವಳ ಕಣ್ಣು ತುಂಬಿತ್ತು. “ಅಮ್ಮ ಕರೆದ್ರೆ ನಿಮಗೆ ಡೈಲಾಗ್ ಕೇಳ್ಸುತ್ತೆ. ಅಮ್ಮ ಕೇಳ್ಸಲ್ಲ. ನಮ್ಮನೆ ಕೆಳಗಿನ ರೂಮು ಖಾಲಿ ಮಾಡಿಸ್ತೀನಿ. ಏಪ್ರಿಲ್ ಕೊನೇ ಭಾನುವಾರ ಬರ್ತೀನಿ. ಅಷ್ಟರಲ್ಲಿ ಅಮ್ಮ ಇಲ್ಲೇ ಇರ್ಬೇಕು ಅಂತ ಅಮ್ಮಂಗೇ ಅನ್ಸಿದ್ರೆ ಬೇರೆ ಮಾತು.”

“ನೀವೂ ಬನ್ನಿ” ಎಂದು ಅವಳು ನನ್ನನ್ನು ಕರೆಯಲಿಲ್ಲ. ಅವರ ಮನೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿಲ್ಲ, ಗೊತ್ತು. ಎದೆ ಬಿರಿದು... ಇಲ್ಲ, ಎದೆ ಬಿರಿಯಲಿಲ್ಲ. ಹುಡುಕಲು ತೆಗೆದಿದ್ದ ಡಬ್ಬಗಳನ್ನು ಒಂದೊಂದಾಗಿ ಮುಚ್ಚಿಟ್ಟೆ. ಅದಕ್ಕೆ ನನ್ನ ಯಾವ ನಾಟಕದಲ್ಲೂ ಸಾಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಟೀಚರಮ್ಮನನ್ನು ನಾನೇ ಕೇಳಿದೆ: “ಮಾಮೂಲಿಯಾಗಿ ಹೇಗೆ ಮಾತಾಡೋದು, ಕಲಿಸಿ.”

ಅವಳು ನಗಲಿಲ್ಲ. ನನ್ನ ಕೈಗೆ ಚಮಚ ಕೊಟ್ಟು, “ಇದು ಚಮಚ ಅನ್ನಿ” ಎಂದಳು.

“ಇದು... ಚಮಚ!”

“ಯಾರನ್ನೋ ಕೊಲ್ಲೋ ಹಾಗಿದೆ ಸರ್.”

“ಇದು ಚಮಚ...”

“ಈಗ ಚಮಚ ತೀರ್ಕೊಂಡ ಹಾಗಿದೆ.”

ವಿಂಗಮ್ಮ ದಿಂಬಿನಲ್ಲಿ ಮುಖ ಹುದುಗಿಸಿದಳು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಓಡಿದೆ. ನಗುತ್ತಿದ್ದಳು! ನನಗೆ ಅವಮಾನವಾಯಿತು. ಸಂಜೆಯವರೆಗೆ ಅಭ್ಯಾಸ ಮಾಡಿದೆ. ದನಿ ಹೊಟ್ಟೆಯಿಂದ ಬರಬಾರದು, ಕೈ ಏಳಬಾರದು, ಕೊನೆಯ ಅಕ್ಷರ ಎಳೆಯಬಾರದು. ರಾಜನ ಪಾರ್ಟು ಇಷ್ಟು ಕಷ್ಟವಿರಲಿಲ್ಲ. ಆಮೇಲೆ ಕಾಯಬೇಕು. ಅವಳ ತುಟಿ ಆಡುತ್ತಿರುವಾಗ, ಪದ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿರುವಾಗ, ಬಾಯಿ ಮುಚ್ಚಿಕೊಂಡು ಕೂರಬೇಕು. ಕೆಳತುಟಿ ಕಚ್ಚಿ ಕಚ್ಚಿ ಗಾಯವಾಗಿದೆ.

ಅವಳು ಚಮಚಕ್ಕೆ ಮಾಮೂಲಿ ಎಂದಳು.

ಏಪ್ರಿಲ್ ೬, ಭಾನುವಾರ

ಅರ್ಥಕೋಶ ಬರೆದವನಿಗೆ ಹೆಂಡತಿ ಇರಲಿಲ್ಲವೇನೋ. ಮೂರೇ ಅರ್ಥ ಕೊಟ್ಟು ಮುಗಿಸಿದ್ದಾನೆ.

ಬೆಳಿಗ್ಗೆ ಗದ್ದ ಎತ್ತಿ ಮೆಲ್ಲಗೆ “ಮಾಮೂಲಿ” ಎಂದರೆ ಕಿಟಕಿ ತೆಗೆಯಬೇಕು. ಮೊದಲ ಅಕ್ಷರ ಎಳೆದರೆ ಬಚ್ಚಲಿಗೆ ಕರೆದೊಯ್ಯಬೇಕು, ತಡ ಮಾಡಬಾರದು. ಚಹಾ ಕುಡಿದು ಒಂದೇ ಉಸಿರಿಗೆ ಹೇಳಿದರೆ ಚೆನ್ನಾಗಿದೆ ಎಂದರ್ಥ. ನಡುವೆ ನಿಂತು ಹೇಳಿದರೆ ಸಕ್ಕರೆ ಹಾಕಿಲ್ಲ. (ಸಕ್ಕರೆ ಡಬ್ಬ ಅಕ್ಕಿ ಡಬ್ಬದ ಹಿಂದೆ ಇದೆ. ಮುಚ್ಚಳ ನೀಲಿ.) ಕಾಲಿನ ಗಾಯಕ್ಕೆ ಮುಲಾಮು ಹಚ್ಚುವಾಗ ಹೇಳುವುದೇ ಬೇರೆ. ಗಂಟಲಲ್ಲೇ ಇರುತ್ತದೆ, ಬಾಯಿಗೆ ಬರುವುದಿಲ್ಲ. ಆಗ ಕೈ ನಿಲ್ಲಿಸಬೇಕು.

ಟೇಲರ ಹೆಂಡತಿ ಬಂದು “ಹೇಗಿದ್ದೀರಿ?” ಎಂದಾಗ ಅವಳು ಹೇಳಿದ್ದು ಮಾತ್ರ ಅರ್ಥಕೋಶದ್ದೇ. ಎಲ್ಲರೂ ಹೇಳುವ ಹಾಗೆ, ನೋವು ಮುಚ್ಚಿಟ್ಟುಕೊಂಡು. “ಮಾಮೂಲಿ.” ಆ ಹೆಂಗಸಿಗೆ ಏನೂ ಅನುಮಾನ ಬರಲಿಲ್ಲ. ಮಾತು ಬಂತಲ್ಲ ಎಂದು ಖುಷಿಪಟ್ಟು ಹೋದಳು.

ಏಪ್ರಿಲ್ ೯, ಬುಧವಾರ

ಮ್ಯಾನೇಜರು ಬಂದಿದ್ದ. ಹೊಸ ಪರದೆ, ಹೊಸ ದೀಪ, ಹತ್ತೊಂಬತ್ತಕ್ಕೆ ಮೊದಲ ಆಟವಂತೆ.

“ಗುಡುಗಪ್ಪಾ, ರಾಜನ ಪಾರ್ಟು ನಿಂದೇ. ಪ್ರಾಂಪ್ಟಿಗೆ ಬೇರೆ ಜನ ಇಟ್ಟಿದೀನಿ.”

ಹಾಸಿಗೆಯಿಂದ ಅವಳು “ಮಾಮೂಲಿ” ಎಂದಳು, ಗದ್ದ ಎತ್ತಿ.

“ಏನ್ ವಿಂಗಮ್ಮಾ, ಮಾಮೂಲಿ ಕೇಳ್ತಿದೀರಿ? ಯಾವಾಗಿಂದ ಇನ್‌ಸ್ಪೆಕ್ಟರ್ ಆದ್ರಿ? ಕೊಡ್ತೀನಿ ತಗೊಳ್ಳಿ, ಗಂಡನ್ನ ಬಿಟ್ಟುಕೊಡಿ ಸಾಕು!”

ಅವಳು ನಕ್ಕಳು. ನಾನು ಕಿಟಕಿ ತೆಗೆದೆ. ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ರಂಗದ ಮೇಲೆ ನಿಂತರೆ ಈ ಎದೆ ಮತ್ತೆ ಅರಳುತ್ತದೆ! ಮೈಯೆಲ್ಲ ಒಮ್ಮೆ ಜುಮ್ಮೆಂದಿತು.

ಅವನು ಹೋದಮೇಲೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಏಪ್ರಿಲ್ ೧೫, ಮಂಗಳವಾರ

ಮಾಮೂಲಿ ದಿನ.

ಏಪ್ರಿಲ್ ೨೦, ಭಾನುವಾರ

ಮ್ಯಾನೇಜರು ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ನಿನ್ನೆ ಆಟವಿತ್ತಂತೆ. ಅರ್ಧ ಗಂಟೆ ಪರದೆ ಹಿಡಿದು ಕಾದು, ಕೊನೆಗೆ ಸೇನಾಪತಿಯ ಪಾರ್ಟಿನವನಿಗೇ ಕಿರೀಟ ಇಟ್ಟರಂತೆ.

ನಿನ್ನೆ ಅವಳು ನಾಲ್ಕು ಹೆಜ್ಜೆ ಗೋಡೆ ಹಿಡಿಯದೆ ನಡೆದಳು. ಆಮೇಲೆ ಸುಸ್ತಾಗಿ ಮಲಗಿದಳು. ನಾನು ಬಟಾಣಿ ಬಿಡಿಸುತ್ತ ಕೂತಿದ್ದೆ. ಫೋನ್ ಎಲ್ಲೋ ದಿಂಬಿನ ಕೆಳಗೆ ಇತ್ತು.

ತಪ್ಪಾಯಿತು ಎಂದೆ. “ಎಷ್ಟು ಸಣ್ಣಗೆ ಮಾತಾಡ್ತೀಯೋ, ಹುಷಾರಿಲ್ವಾ?” ಎಂದು ಕೇಳಿದ.

ಏಪ್ರಿಲ್ ೨೩, ಬುಧವಾರ

ಕೆಟ್ಟ ದಿನ. ಏನೋ ಬೇಕು ಅವಳಿಗೆ. ಕಿಟಕಿಯಲ್ಲ, ಬಚ್ಚಲಲ್ಲ, ನೀರಲ್ಲ, ಹೊದಿಕೆಯಲ್ಲ. ಒಂದೊಂದೂ ತೋರಿಸಿದೆ. “ಮಾಮೂಲಿ, ಮಾಮೂಲಿ, ಮಾಮೂಲಿ” ಎಂದು ದನಿ ಏರುತ್ತ ಹೋಯಿತು. ಎಡಗೈಯಿಂದ ಲೋಟ ಎಸೆದಳು. ಗೋಡೆಗೆ ಬಡಿದು ಬಿತ್ತು. ಅತ್ತಳು.

“ನಿಲ್ಲಿ ಪ್ರಭು” ಎಂದು ಶುರುಮಾಡಿ ತಾನೇ ನಿಲ್ಲಿಸಿ, ಬೇಡವೆಂದು ಕೈಯಾಡಿಸಿದಳು.

ನಾನು ನೆಲದ ಮೇಲೆ ಕೂತೆ. ಏನು ಬೇಕಿತ್ತೋ ಕೊನೆಗೂ ಗೊತ್ತಾಗಲಿಲ್ಲ. ಟೀಚರಮ್ಮ ಹಿಂದೆ ಹೇಳಿದ್ದಳು, ಕೆಲವೊಮ್ಮೆ ಗೊತ್ತಾಗುವುದಿಲ್ಲ ಸರ್, ಗೊತ್ತಾಗಲಿಲ್ಲ ಅಂತ ಅವರಿಗೆ ಹೇಳಿಬಿಡಿ. ಹೇಳಿದೆ: “ನನಗೆ ಗೊತ್ತಾಗ್ತಿಲ್ಲ ಕಣೇ.”

ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ನಿದ್ದೆ ಹೋದಳು.

ಭಾನುವಾರ ಮಗಳು ಬರುತ್ತಾಳೆ. ಅಲ್ಲಿ ಆಸ್ಪತ್ರೆ ಹತ್ತಿರ. ಮೆಟ್ಟಿಲಿಲ್ಲ. ಕರೆದುಕೊಂಡು ಹೋಗುವುದೇ ಒಳ್ಳೆಯದೇನೋ. ಅವಳ ಔಷಧಿ, ಬಾಚಣಿಗೆ, ಶಾಲು ಒಂದು ಚೀಲಕ್ಕೆ ಹಾಕಿಟ್ಟೆ.

ಏಪ್ರಿಲ್ ೨೭, ಭಾನುವಾರ

ಮಗಳು ಬೆಳಿಗ್ಗೆಯೇ ಬಂದಳು. ಕಾರು ಕೆಳಗೆ ನಿಲ್ಲಿಸಿದ್ದಳು. ಚೀಲ ಸಿದ್ಧವಿರುವುದನ್ನು ನೋಡಿ ಅವಳಿಗೇ ಆಶ್ಚರ್ಯವಾಯಿತು.

“ಜಗಳ ಆಡ್ತೀರೇನೋ ಅಂದ್ಕೊಂಡಿದ್ದೆ ಅಪ್ಪಾ.”

“ಅವಳನ್ನ ಕೇಳು” ಎಂದೆ.

ಅವಳು ಅಮ್ಮನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. “ಅಮ್ಮಾ, ನಮ್ಮನೆಗೆ ಹೋಗೋಣ. ಬರ್ತೀಯಾ?”

ಇವಳು ಮಗಳ ಮುಖ ನೋಡಿದಳು. ಚೀಲ ನೋಡಿದಳು. ನನ್ನ ಕಡೆ ನೋಡಿದಳು. ತುಟಿ ಆಡತೊಡಗಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. “ಬರಲ್ಲ” ಎಂಬ ಪದ ನನ್ನ ಬಾಯಲ್ಲಿತ್ತು. ನಾನು ಬರೀ ತುಟಿ ಆಡಿಸಿದ್ದರೂ ಸಾಕಿತ್ತು, ಇವಳು ಓದಿಕೊಳ್ಳುತ್ತಿದ್ದಳು. ನಾನು ಮುಖ ತಿರುಗಿಸಿಕೊಂಡೆ.

ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಮಗಳು ಇನ್ನೇನು ಏಳಬೇಕು, ಆಗ ಇವಳು ಎಡಗೈ ಎತ್ತಿ ಹಿಂದಿನ ಬಾಲ್ಕನಿಯ ಕಡೆ ತೋರಿಸಿದಳು.

“ಬ... ಬಟ್ಟೆ.”

ಮಗಳು ಬಾಯಿ ಮುಚ್ಚಿಕೊಂಡಳು.

“ಬಟ್ಟೆ... ಒಣಗಿಲ್ಲ.”

“ಅಮ್ಮಾ! ಅಮ್ಮಾ, ಮಾತಾಡ್ದೆ!” ಮಗಳು ಅಳುತ್ತ ನಗುತ್ತ ಅವಳ ಕೈ ಹಿಡಿದಳು. “ಒದ್ದೆ ಇದ್ರೆ ಇರಲಿ, ಬೇರೆ ಕವರಿಗೆ ಹಾಕ್ಕೊಂಡು ಹೋಗೋಣ.”

ಇವಳು ಕೈ ಬಿಡಿಸಿಕೊಂಡಳು. “ಒಣಗಿಲ್ಲ” ಎಂದಳು. ಈ ಸಲ ತಡವರಿಸಲಿಲ್ಲ.

ಮಗಳು ನನ್ನನ್ನು ನೋಡಿದಳು. “ಸರಿ, ಮುಂದಿನ ವಾರ ಬರ್ತೀನಿ” ಎಂದಳು. “ಏನಾದ್ರೂ ಆದ್ರೆ ತಕ್ಷಣ ಫೋನ್ ಮಾಡಿ.” ಮಾಡುತ್ತೇನೆ ಎಂದೆ. ಚಹಾ ಮಾಡಿಕೊಟ್ಟೆ, ಕುಡಿದು ಹೋದಳು.

ಆಮೇಲೆ ಬಾಲ್ಕನಿಗೆ ಹೋದೆ. ತಂತಿಯ ಮೇಲೆ ನಿನ್ನೆ ಹಾಕಿದ್ದ ಅವಳ ಎರಡು ಅಂಗಿ, ಒಂದು ಟವೆಲ್, ನನ್ನ ಪೈಜಾಮ. ಮುಟ್ಟಿ ನೋಡಿದೆ. ಬಿಸಿಲಿಗೆ ಗರಿಗರಿಯಾಗಿದ್ದವು.

ಹಾಗೇ ತಂತಿಯ ಮೇಲೆ ಬಿಟ್ಟು ಒಳಗೆ ಬಂದೆ.